ಕೆಜಿಎಫ್ ಗಣಿಯ ಒಂದು ಗೇಟನ್ನಾದರೂ ಜನರಿಗೆ ತೆರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ನಾನು ಕೋಲಾರ ಜಿಲ್ಲೆಯ ಬೇತಮಂಗಲದವಳು. ಸದ್ಯ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ನಲ್ಲಿ, ಪೆನ್ರಿನ್ ಅನ್ನೋ ಸಣ್ಣ ಊರಿನಲ್ಲಿ ಗಣಿ ಭೂವಿಜ್ಞಾನ ಓದುತ್ತಿದ್ದೇನೆ. ಕ್ಯಾಂಬೋರ್ನ್ ಸ್ಕೂಲ್ ಆಫ್ ಮೈನ್ಸ್ ಅಂತ ನಮ್ಮ ಕಾಲೇಜು. 1888ರಲ್ಲಿ ಶುರುವಾದದ್ದು, ಈಗ ಎಕ್ಸೆಟರ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಈಸ್ಟರ್ ರಜೆಯಲ್ಲಿ ಒಂದು ದಿನ ಗೆಳತಿಯ ಜೊತೆ ಗೀವರ್ ಅನ್ನೋ ಹಳೇ ತವರದ ಗಣಿ ನೋಡಿಕೊಂಡು ಬಂದೆ. ಬಂದ ದಿನದಿಂದ ಮನಸ್ಸು ಕೆಜಿಎಫ್‌ನಲ್ಲೇ ಇದೆ. ಅದಕ್ಕೇ ಈ ಪತ್ರ.

ಕಾರ್ನ್‌ವಾಲ್‌ಗೂ ನಮ್ಮ ಜಿಲ್ಲೆಗೂ ಹಳೇ ನಂಟು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳನ್ನು ವಹಿಸಿಕೊಂಡಿತು. ಆಮೇಲೆ ಮೇಲ್ವಿಚಾರಣೆಗೆ ಬಂದವರಲ್ಲಿ ಕಾರ್ನ್‌ವಾಲ್‌ನ ಗಣಿಗಾರರೇ ಜಾಸ್ತಿ. ಇಲ್ಲಿ ತವರ, ತಾಮ್ರದ ಬೆಲೆ ಬಿದ್ದು ಗಣಿಗಳು ಮುಚ್ಚುತ್ತಿದ್ದ ಕಾಲ ಅದು. ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾ, ಮೆಕ್ಸಿಕೊ, ದಕ್ಷಿಣ ಆಫ್ರಿಕಾಗೆ ಹೋದ ಹಾಗೆಯೇ ಕೆಜಿಎಫ್‌ನ ಮಾರಿಕುಪ್ಪಂಗೂ ಬಂದರು. ನೆಲದಡಿ ಇಳಿದು ಬಂಡೆ ಒಡೆದವರು ಮಾತ್ರ ನಮ್ಮ ಕಡೆಯವರು. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಬಡ ಕೂಲಿಗಳು. ಅವರಲ್ಲಿ ಬಹುಪಾಲು ದಲಿತರು.

ನಮ್ಮ ತಾತ ಗಣಿಗೆ ಇಳಿದವರಲ್ಲ. ಬೇತಮಂಗಲದ ವಾಟರ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತಿದ್ದರು. ಪಾಲಾರ್ ನದಿಯ ನೀರು ನಮ್ಮೂರ ಕೆರೆಯಿಂದ ಪಂಪ್ ಆಗಿ ಕೆಜಿಎಫ್‌ಗೆ ಹೋಗುತ್ತಿತ್ತು. ಗಣಿ ನಿಂತರೂ ಗಣಿಯ ಮಾತು ನಮ್ಮ ಮನೆಯಲ್ಲಿ ನಿಲ್ಲಲಿಲ್ಲ. ನನ್ನ ಸ್ಕೂಲ್ ಗೆಳತಿಯೊಬ್ಬಳ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕಾರ್ಮಿಕರಾಗಿದ್ದವರು. ಅವರನ್ನು ನಾನೂ ತಾತ ಅಂತಲೇ ಕರೆಯೋದು. ನಾನು ಈ ಓದು ಆರಿಸಿಕೊಳ್ಳಲು ಅವರ ಮಾತುಗಳೇ ಕಾರಣ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಪೆನ್ರಿನ್‌ನಿಂದ ಟ್ರೂರೋಗೆ ರೈಲು, ಅಲ್ಲಿಂದ ಪೆನ್ಜಾನ್ಸ್‌ಗೆ ಇನ್ನೊಂದು ರೈಲು. ಜೊತೆಗೆ ಘಾನಾ ದೇಶದ ಸಹಪಾಠಿ. ಅವಳದು ಒಬುವಾಸಿ, ಅದೂ ಚಿನ್ನದ ಗಣಿಯ ಊರು. ರೆಡ್ರೂತ್, ಕ್ಯಾಂಬೋರ್ನ್ ಹತ್ತಿರ ಬರುತ್ತಿದ್ದಂತೆ ಕಿಟಕಿಯ ಆಚೆ, ಹಿಂದೆ ಗಣಿಯ ಹಬೆ ಎಂಜಿನ್‌ಗಳಿದ್ದ ಕಲ್ಲಿನ ಎಂಜಿನ್ ಮನೆಗಳು ಕಾಣಲು ಶುರುವಾದವು. ಎತ್ತರದ ಗೋಡೆ, ಒಂದು ಮೂಲೆಯಲ್ಲಿ ಚಿಮಣಿ, ಮೇಲೆ ಚಾವಣಿ ಇಲ್ಲ. ನಮ್ಮ ಹೊಲಗಳ ನಡುವೆ ಹುಣಸೆ ಮರ ಇದ್ದ ಹಾಗೆ ಇಲ್ಲಿ ಹಸಿರು ಹೊಲದ ಮಧ್ಯೆ ಇವು ನಿಂತಿವೆ. ಯಾರೂ ಕೆಡವಿಲ್ಲ. ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್‌ನ ಈ ಗಣಿ ಪ್ರದೇಶವನ್ನು 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಪಿ ಇರುವುದು ಅದೇ ಪಟ್ಟಿಯಲ್ಲಿ.

ಪೆನ್ಜಾನ್ಸ್‌ನಲ್ಲಿ ಬಸ್ ಹತ್ತಿದೆವು. ಎರಡೂ ಕಡೆ ಕಲ್ಲಿನ ಬೇಲಿ, ಒಂದು ಬಸ್ ಹೋದರೆ ಇನ್ನೊಂದು ಗಾಡಿ ಹಿಂದಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟಾದ ರಸ್ತೆ. ಗುಡ್ಡದ ತುಂಬ ಹಳದಿ ಹೂ ಬಿಟ್ಟ ಮುಳ್ಳಿನ ಗಿಡ. ಪೆಂಡೀನ್ ಅನ್ನೋ ಹಳ್ಳಿ ದಾಟಿದ ಕೂಡಲೇ ಸಮುದ್ರ, ಅದರ ಎದುರಿಗೇ ಗೀವರ್‌ನ ಹೆಡ್‌ಗೇರ್. ಕೆಜಿಎಫ್‌ನವರಿಗೆ ಹೆಡ್‌ಗೇರ್ ಅಂದರೆ ಏನು ಅಂತ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಗಣಿಗೆ ಇಳಿಯುವ ಬಾವಿಯಂಥ ಶಾಫ್ಟ್‌ನ ಬಾಯಿ ಮೇಲೆ ನಿಲ್ಲಿಸಿದ ಕಬ್ಬಿಣದ ಗೋಪುರ, ತುದಿಯಲ್ಲಿ ದೊಡ್ಡ ಚಕ್ರ. ಆ ಚಕ್ರದ ಮೇಲಿನ ಹಗ್ಗದಲ್ಲೇ ಮನುಷ್ಯರನ್ನು ಹೊತ್ತ ಕೇಜ್ (ಲಿಫ್ಟ್‌ನಂಥ ಪಂಜರ) ಇಳಿಯೋದು, ಏರೋದು. ಗೀವರ್‌ನ ಈ ಶಾಫ್ಟ್‌ಗೆ ವಿಕ್ಟರಿ ಅಂತ ಹೆಸರು. ಮೊದಲ ಮಹಾಯುದ್ಧ ಮುಗಿದ ಸಂತೋಷಕ್ಕೆ ಇಟ್ಟದ್ದು. ಆಳ ಅರ್ಧ ಕಿಲೋಮೀಟರ್ ಕೂಡ ಇಲ್ಲ. ನಮ್ಮ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಹೋಗಿತ್ತು ಅಂದಾಗ ಟಿಕೆಟ್ ಕೌಂಟರ್‌ನ ಹಿರಿಯರು ಎದ್ದು ನಿಂತು ಕೈ ಕುಲುಕಿದರು. ಅವರೂ ಗೀವರ್‌ನಲ್ಲೇ ದುಡಿದವರು.

1985ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ತವರದ ಬೆಲೆ ಕುಸಿಯಿತು. ಗೀವರ್ ಒದ್ದಾಡಿಕೊಂಡು ನಡೆದು 1990ರಲ್ಲಿ ಮುಚ್ಚಿತು. ಮುಂದಿನ ವರ್ಷ ಪಂಪ್ ನಿಲ್ಲಿಸಿದರು, ಕೆಳಗಿನ ಸುರಂಗಗಳಿಗೆ ನೀರು ತುಂಬಿತು. ಇಲ್ಲಿಯವರೆಗೆ ನಮ್ಮ ಕಥೆಯೂ ಇದೇ ಅಲ್ವಾ? ಆದರೆ ಅಲ್ಲಿನ ಕೌಂಟಿ ಆಡಳಿತ ಜಾಗವನ್ನು ಕೊಂಡುಕೊಂಡಿತು. 1993ಕ್ಕೆ ಅದು ಮ್ಯೂಸಿಯಂ ಆಗಿ ತೆರೆಯಿತು. 2001ರಿಂದ ಅದನ್ನು ನಡೆಸುತ್ತಿರುವುದು ಪೆಂಡೀನ್ ಊರಿನವರದೇ ಒಂದು ಸಂಸ್ಥೆ. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ಕ್ಕೆ.

ಗೀವರ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಯಂತ್ರಗಳಲ್ಲ. ಗಣಿಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆ. ಅದನ್ನು ಅಲ್ಲಿ 'ಡ್ರೈ' ಅನ್ನುತ್ತಾರೆ. ಕೆಲಸ ನಿಂತ ದಿನ ಹೇಗಿತ್ತೋ ಹಾಗೇ ಇಟ್ಟಿದ್ದಾರೆ. ಸಾಲು ಸಾಲು ಲಾಕರ್. ಬಾಗಿಲಿನ ಮೇಲೆ ಅಂಟಿಸಿದ ಸ್ಟಿಕ್ಕರ್‌ಗಳು ಅರ್ಧ ಕಿತ್ತು ಬಂದಿವೆ. ಗೂಟಕ್ಕೆ ನೇತುಹಾಕಿದ ಮೇಲಂಗಿ ಕೆಂಪು ಮಣ್ಣಿನಿಂದ ಗಟ್ಟಿಯಾಗಿ ಹೋಗಿದೆ. ಕೆಳಗೆ ಬೂಟುಗಳು. ಒಂದು ಜೊತೆಯಲ್ಲಿ ಎಡಗಾಲಿನ ಹಿಮ್ಮಡಿ ಮಾತ್ರ ಸವೆದಿತ್ತು. ಆ ಮನುಷ್ಯ ಹೇಗೆ ನಡೆಯುತ್ತಿದ್ದ ಅನ್ನೋದು ಆ ಬೂಟು ನೋಡಿದರೆ ಗೊತ್ತಾಗುತ್ತೆ. ಪಕ್ಕದಲ್ಲೇ ಸ್ನಾನದ ಜಾಗ. ಸೋಪು ಇಡುವ ತಟ್ಟೆಗಳು ಇನ್ನೂ ಹಾಗೇ ಇವೆ. ಯಾವ ಗಾಜಿನ ಪೆಟ್ಟಿಗೆಯೂ ಇಲ್ಲ.

ನನಗೆ ಸುಮ್ನೆ ನೋಡಿಕೊಂಡು ಬರಲು ಆಗಲಿಲ್ಲ. ಅಲ್ಲಿಂದಲೇ ಗೆಳತಿಗೆ ವಿಡಿಯೊ ಕಾಲ್ ಮಾಡಿ, ಫೋನನ್ನು ತಾತನಿಗೆ ಕೊಡಲು ಹೇಳಿದೆ. ಊರಿನಲ್ಲಿ ಆಗ ಮಧ್ಯಾಹ್ನ, ಅವರು ಜಗಲಿಯ ಮೇಲೆ ಕೂತಿದ್ದರು. ಫೋನನ್ನು ಲಾಕರ್‌ಗಳ ಮುಂದೆ ನಿಧಾನವಾಗಿ ಹಿಡಿದುಕೊಂಡು ಹೋದೆ. ತಾತ ಏನೂ ಮಾತಾಡಲಿಲ್ಲ. ಬೂಟುಗಳು ಬಂದಾಗ, "ಹಂಗೇ ಇಟ್ಟವ್ರಾ ಅಮ್ಮಾ? ಯಾರೂ ತಗೊಂಡು ಹೋಗ್ಲಿಲ್ವಾ?" ಅಂದರು. ಹೌದು ತಾತಾ, ಇಲ್ಲೇ ಇಟ್ಟಿದ್ದಾರೆ ಅಂದೆ. "ನಮ್ದೆಲ್ಲ ಗುಜರಿಗೆ ಹೋಯ್ತು ಕಣಮ್ಮಾ" ಅಂದರು. ಆಮೇಲೆ ಅವರಿಗೇ ಹುಮ್ಮಸ್ಸು ಬಂತು. ಕೇಜ್ ಇಳಿಯುವಾಗ ಕಿವಿ ಹೇಗೆ ಗುಯ್ ಅನ್ನುತ್ತಿತ್ತು, ತಳದಲ್ಲಿ ಬಂಡೆ ಮುಟ್ಟಿದರೆ ಕೈ ಹೇಗೆ ಸುಡುತ್ತಿತ್ತು, ರಾಕ್ ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯೋದು) ಆದ ದಿನ ಮೇಲೆ ಲೈನ್‌ಗಳಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಗಳಲ್ಲಿ, ಪಾತ್ರೆಗಳು ಹೇಗೆ ಗಡಗಡ ಅಲ್ಲಾಡುತ್ತಿದ್ದವು, ಹೆಂಗಸರು ಹೇಗೆ ಶಾಫ್ಟ್ ಕಡೆ ಓಡುತ್ತಿದ್ದರು, ಎಲ್ಲವನ್ನೂ ಹೇಳಿದರು. ಅಲ್ಲಿದ್ದ ಗೈಡ್, ಅವರೂ ಹಳೇ ಗಣಿಗಾರರು, ನನ್ನ ಪಕ್ಕ ಬಂದು ನಿಂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರೋದಿಲ್ಲ. ನಾನು ನಡುವೆ ನಿಂತು ಹೇಳಿದೆ. ಕೇಜ್ ಎಷ್ಟು ಜನರದು, ಡ್ರಿಲ್ ಯಾವುದು, ಧೂಳಿಗೆ ನೀರು ಹಾಕುತ್ತಿದ್ದರಾ ಅಂತ ಇಬ್ಬರೂ ಕೇಳಿಕೊಂಡಿದ್ದೇ ಕೇಳಿಕೊಂಡದ್ದು. ಧೂಳಿನ ಮಾತು ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಎರಡೂ ಊರಿನಲ್ಲಿ ಜನರ ಎದೆ ತಿಂದಿದೆ.

ಆಮೇಲೆ ಹೆಲ್ಮೆಟ್, ಮೇಲಂಗಿ ಕೊಟ್ಟು 18ನೇ ಶತಮಾನದ ಒಂದು ಸುರಂಗಕ್ಕೆ ಕರೆದುಕೊಂಡು ಹೋದರು. ವೀಲ್ ಮೆಕ್ಸಿಕೊ ಅಂತ ಅದರ ಹೆಸರು. ಬಗ್ಗಿಯೇ ನಡೆಯಬೇಕು. ಉಳಿ, ಸುತ್ತಿಗೆಯಲ್ಲಿ ಕೆತ್ತಿದ ಗುರುತು ಗೋಡೆಯಲ್ಲಿ ಕೈಗೆ ಸಿಗುತ್ತೆ. ಮಿಲ್‌ನಲ್ಲಿ ಅದಿರಿನಿಂದ ತವರ ಬೇರೆ ಮಾಡುತ್ತಿದ್ದ ಅಲುಗಾಡುವ ಟೇಬಲ್‌ಗಳ ದೊಡ್ಡ ಸಾಲೇ ಇದೆ. ಸಮುದ್ರದ ಅಡಿಗೆ ಸುರಂಗಗಳು ಎಲ್ಲೆಲ್ಲಿ ಹೋಗಿವೆ ಅಂತ ತೋರಿಸುವ ಮಾದರಿಯನ್ನೂ ಇಟ್ಟಿದ್ದಾರೆ. ಶಾಲಾ ಮಕ್ಕಳು ಅದನ್ನು ಸುತ್ತುವರಿದು ನಿಂತಿದ್ದರು. ಗಣಿ ನೋಡದ ತಲೆಮಾರಿಗೆ ಗಣಿ ಅರ್ಥವಾಗುವುದು ಹೀಗೇ.

ಮಧ್ಯಾಹ್ನ ಕ್ಯಾಂಟೀನ್‌ನಲ್ಲಿ ಪೇಸ್ಟಿ ತಿಂದೆವು. ಗಣಿಗಾರರು ಬುತ್ತಿಗೆ ಒಯ್ಯುತ್ತಿದ್ದ ತಿಂಡಿ ಅದು. ಮೈದಾ ಹಿಟ್ಟಿನೊಳಗೆ ಆಲೂಗಡ್ಡೆ, ಈರುಳ್ಳಿ, ಮಾಂಸ ತುಂಬಿ ಅಂಚು ಮಡಚಿ ಬೇಯಿಸಿರುತ್ತಾರೆ. ನಾನು ಚೀಸ್ ಹಾಕಿದ್ದು ತಗೊಂಡೆ.

ಅಲ್ಲಿಂದ ಸಮುದ್ರದ ದಂಡೆಯ ಕಾಲುದಾರಿಯಲ್ಲಿ ಸ್ವಲ್ಪ ನಡೆದರೆ ಲೆವಾಂಟ್ ಗಣಿ. ಅದರ ಸುರಂಗಗಳು ಅಟ್ಲಾಂಟಿಕ್ ಸಮುದ್ರದ ಅಡಿಯಲ್ಲಿ ಒಂದೂವರೆ ಕಿಲೋಮೀಟರ್‌ನಷ್ಟು ದೂರ ಹೋಗಿವೆ. ಅಲ್ಲಿ ಕೇಜ್ ಬದಲು 'ಮ್ಯಾನ್ ಎಂಜಿನ್' ಇತ್ತು. ಶಾಫ್ಟ್‌ನ ಉದ್ದಕ್ಕೂ ಮೇಲೆ ಕೆಳಗೆ ಆಡುವ ಮರದ ತೊಲೆ, ಅದಕ್ಕೆ ಹೆಜ್ಜೆ ಇಡಲು ಹಲಗೆಗಳು. ಹಲಗೆಯಿಂದ ಗೋಡೆಯ ಕಟ್ಟೆಗೆ, ಕಟ್ಟೆಯಿಂದ ಮುಂದಿನ ಹಲಗೆಗೆ ಹೆಜ್ಜೆ ಹಾಕುತ್ತಾ ಮೇಲೆ ಬರಬೇಕು. 1919ರ ಅಕ್ಟೋಬರ್ 20ರಂದು, ಶಿಫ್ಟ್ ಮುಗಿಸಿ ಜನ ಮೇಲೆ ಬರುತ್ತಿದ್ದಾಗ ತೊಲೆಯ ಮೇಲ್ಗಡೆ ಕೊಂಡಿ ಮುರಿಯಿತು. 31 ಜನ ಸತ್ತರು. 2019ರಲ್ಲಿ ನೂರು ವರ್ಷ ತುಂಬಿದಾಗ ಈ ಭಾಗದ ಜನ ಅವರನ್ನು ನೆನೆದರು. ಅಲ್ಲಿನ ಹಬೆ ಎಂಜಿನ್ ತುಕ್ಕು ಹಿಡಿದು ಬಿದ್ದಿತ್ತು. 1984ರಿಂದ ಊರಿನ ಕೆಲವರು ಬಿಡುವಿನ ಸಮಯದಲ್ಲಿ ಕೈಗೆ ಗ್ರೀಸ್ ಬಳಿದುಕೊಂಡು ಅದನ್ನು ರಿಪೇರಿ ಮಾಡಿ ಓಡಿಸಿದರು. ಸರ್ಕಾರ ಬರಲಿ ಅಂತ ಕಾಯಲಿಲ್ಲ. ಇದನ್ನು ನಾನು ನಮ್ಮ ಊರಿನ ಯುವಕರಿಗಾಗಿ ಬರೆಯುತ್ತಿದ್ದೇನೆ.

ಇನ್ನೂ ಮುಂದೆ ಹೋದರೆ ಬೊಟಲಾಕ್. ಬಂಡೆಯ ಅಂಚಿನಲ್ಲಿ, ಅಲೆಗಳ ಮೇಲೆಯೇ ಎರಡು ಎಂಜಿನ್ ಮನೆ. ಎಲ್ಲರೂ ಅದರ ಫೋಟೊ ತೆಗೆಯುತ್ತಿದ್ದರು. ನನಗೆ ಕುತೂಹಲ ಇದ್ದದ್ದು ಸ್ವಲ್ಪ ಹಿಂದೆ ಇರುವ ಆರ್ಸೆನಿಕ್ ಗೂಡಿನ ಮೇಲೆ. ಅದಿರು ಸುಟ್ಟಾಗ ಬರುವ ವಿಷದ ಹೊಗೆ ಅಂಕುಡೊಂಕಾದ ಕಲ್ಲಿನ ದಾರಿಯಲ್ಲಿ ಹೋಗಿ ತಣ್ಣಗಾಗಿ, ಗೋಡೆಗಳ ಮೇಲೆ ಬಿಳಿ ಪುಡಿಯಾಗಿ ಕೂರುತ್ತಿತ್ತು. ಅದನ್ನು ಕೆರೆದು ತೆಗೆಯುತ್ತಿದ್ದದ್ದು ಮನುಷ್ಯರೇ. ಗಣಿ ಏನು ಕೊಟ್ಟಿತು ಅನ್ನೋದರ ಜೊತೆಗೆ ಗಣಿ ಏನು ತಿಂದಿತು ಅನ್ನೋದನ್ನೂ ಈ ಜನ ತೋರಿಸುತ್ತಾರೆ. ನಮ್ಮಲ್ಲಿ ಸಯನೈಡ್ ದಿಬ್ಬಗಳಿವೆ, ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆಗಳು. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಬಿಳಿ ಧೂಳು ಲೈನ್‌ಗಳ ಮನೆಯೊಳಗೆ, ಅನ್ನದ ತಟ್ಟೆಯೊಳಗೆ ಬರುತ್ತೆ. ಅಲ್ಲಿನ ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಮ್ಯೂಸಿಯಂ ಮಾಡಲು ಕೆಜಿಎಫ್‌ನಲ್ಲಿ ಏನಿದೆ ಅಂತ ಕೆಲವರು ಕೇಳುತ್ತಾರೆ. ಏನಿಲ್ಲ ಹೇಳಿ! 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಮೊದಲು ಬಂದದ್ದು ನಮ್ಮ ಗಣಿಗೆ. ಬೆಂಗಳೂರಿನ ಬೀದಿ ದೀಪಗಳಿಗೆ 1905ರವರೆಗೆ ಕಾಯಬೇಕಾಯಿತು. 1965ರಲ್ಲಿ ನಮ್ಮ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನೋ ಅತಿ ಸೂಕ್ಷ್ಮ ಕಣಗಳನ್ನು ಪತ್ತೆ ಹಚ್ಚಿದರು. ಪ್ರಪಂಚದಲ್ಲೇ ಮೊದಲು ಪತ್ತೆ ಮಾಡಿದವರಲ್ಲಿ ಅವರೂ ಸೇರಿದ್ದಾರೆ. ಇಲ್ಲಿ ನಮ್ಮ ಕ್ಲಾಸಿನಲ್ಲಿ ರಾಕ್ ಬರ್ಸ್ಟ್ ಪಾಠಕ್ಕೆ ಕೋಲಾರದ ಹೆಸರು ಬಂದೇ ಬರುತ್ತೆ. ಕಾರ್ನ್‌ವಾಲ್‌ನ ಗ್ರಾನೈಟ್‌ಗೆ 28 ಕೋಟಿ ವರ್ಷದ ಆಸುಪಾಸು ವಯಸ್ಸು. ಕೋಲಾರದ ಚಿನ್ನದ ಬಂಡೆಗೆ 270 ಕೋಟಿ ವರ್ಷ. ಗಣಿಯ ಹತ್ತಿರವೇ ಪೆದ್ದಪಲ್ಲಿಯಲ್ಲಿ, ನೀರಿನಡಿ ಉಕ್ಕಿದ ಲಾವಾ ದಿಂಬಿನ ಆಕಾರಕ್ಕೆ ಗಟ್ಟಿಯಾದ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದೆ. ನಮ್ಮ ಜಿಲ್ಲೆಯ ಎಷ್ಟು ಮಕ್ಕಳು ಅದನ್ನು ನೋಡಿದ್ದಾರೆ?

ಡಿಗ್ರಿ ಓದುವಾಗ ನಾವು ಕೆಲವರು ಒಂದು ಹಳೇ ಶಾಫ್ಟ್ ನೋಡಲು ಹೋಗಿದ್ದೆವು. ಗೇಟಿನಲ್ಲಿದ್ದ ಕಾವಲಿನವರು, "ಒಳಗೆ ಏನೂ ಇಲ್ಲಮ್ಮಾ, ಹೋಗಿ ಹೋಗಿ" ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ. ಹಳೇ ಶಾಫ್ಟ್‌ಗಳ ಹತ್ತಿರ ಅಪಾಯ ಇದ್ದೇ ಇರುತ್ತೆ. ಆದರೆ ಬೇಲಿ ಹಾಕಿ, ದಾರಿ ಮಾಡಿ, ಗೊತ್ತಿರುವವರನ್ನು ಜೊತೆಗೆ ಕಳಿಸಿದರೆ ಆ ಅಪಾಯವನ್ನು ತಡೆಯಬಹುದು. ಗೀವರ್‌ನಲ್ಲೂ ವಿಕ್ಟರಿ ಶಾಫ್ಟ್‌ಗೆ ಯಾರನ್ನೂ ಇಳಿಸುವುದಿಲ್ಲ. ಅದರ ತುಂಬ ನೀರಿದೆ. ನೋಡಲು ಸಿಗುವುದರಲ್ಲಿ ಬಹುಪಾಲು ನೆಲದ ಮೇಲಿನದೇ.

ಈ ಪತ್ರವನ್ನು ಈಗಲೇ ಬರೆಯಲು ಕಾರಣ ಇದೆ. ಸಯನೈಡ್ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಮಾತು ಬಹಳ ದಿನದಿಂದ ಇದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ 13 ದಿಬ್ಬಗಳ ಹರಾಜಿಗೆ ಒಪ್ಪಿಗೆಯನ್ನೂ ಕೊಟ್ಟಿತು. ನಾನು ಅದನ್ನು ವಿರೋಧಿಸುತ್ತಿಲ್ಲ. ಧೂಳು ಹೋಗಿ, ನಮ್ಮ ಹುಡುಗರಿಗೆ ಕೆಲಸ ಸಿಕ್ಕರೆ ಅದಕ್ಕಿಂತ ಸಂತೋಷ ಏನಿದೆ? ದಿನಾ ನಸುಕಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವವರ ಕಷ್ಟ ಗೊತ್ತಿದೆ. ನನ್ನ ಭಯ ಬೇರೆ. ಕಂಟ್ರಾಕ್ಟರ್‌ನ ಯಂತ್ರಗಳು ಒಳಗೆ ಬಂದ ಮೇಲೆ ಯಾವ ಕಟ್ಟಡ ಇರಬೇಕು, ಯಾವುದು ಹೋಗಬೇಕು ಅಂತ ಕೇಳುವವರು ಇರೋದಿಲ್ಲ. ಮೊದಲೇ ಪಟ್ಟಿ ಆಗಬೇಕು. ಒಂದು ಹೆಡ್‌ಗೇರ್, ಅದರ ಕೇಜ್ ಎಳೆಯುತ್ತಿದ್ದ ವೈಂಡಿಂಗ್ ಎಂಜಿನ್ ಮನೆ, ಒಂದು ಸಾಲು ಹಳೇ ಲೈನ್ ಮನೆಗಳು, ಇಷ್ಟನ್ನಾದರೂ ಹರಾಜಿನ ಕಾಗದದಲ್ಲೇ ಹೊರಗಿಡಲಿ. ಕಾರ್ನ್‌ವಾಲ್‌ನಲ್ಲಿ 1998ರಲ್ಲಿ ಮುಚ್ಚಿದ ಸೌತ್ ಕ್ರಾಫ್ಟಿ ಗಣಿಯನ್ನು ಮತ್ತೆ ತೆರೆಯಲು ಈಗ ಕೆಲಸ ನಡೆಯುತ್ತಿದೆ, ನೀರು ಹೊರಗೆ ತೆಗೆಯುತ್ತಿದ್ದಾರೆ. ಅದೇ ಸುತ್ತಮುತ್ತಲಿನಲ್ಲಿ ಹಳೇ ಎಂಜಿನ್ ಮನೆಗಳನ್ನೂ ಜೋಪಾನ ಮಾಡಿದ್ದಾರೆ. ಎರಡೂ ಒಟ್ಟಿಗೆ ಆಗುತ್ತೆ.

ಜನ ಬರ್ತಾರಾ ಅನ್ನೋ ಅನುಮಾನವೂ ಬೇಡ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ, ಬಂಗಾರು ತಿರುಪತಿಗೆ ವಾರದ ಕೊನೆಯಲ್ಲಿ ಬರುವ ಗಾಡಿಗಳನ್ನು ನೋಡಿದವರಿಗೆ ಇದು ಗೊತ್ತು. ಎರಡೂ ಕೆಜಿಎಫ್‌ಗೆ ಹತ್ತಿರವೇ. ಸಿನಿಮಾ ನೋಡಿಕೊಂಡು ಗಣಿ ಹುಡುಕುತ್ತಾ ಬರುವ ಹುಡುಗರೂ ಇದ್ದಾರೆ. ಅವರು ದಿಬ್ಬದ ಮೇಲೆ ನಿಂತು ಫೋಟೊ ಹೊಡೆದುಕೊಂಡು ವಾಪಸ್ ಹೋಗುತ್ತಾರೆ, ಅಷ್ಟೇ. ಅವರನ್ನು ನಿಲ್ಲಿಸಿ ನಿಜ ಹೇಳುವವರು ಬೇಕು. ಆ ನಿಜ ಗೊತ್ತಿರುವವರು ಇನ್ನೂ ಇದ್ದಾರೆ. ಆದರೆ ವಯಸ್ಸಾಗುತ್ತಿದೆ. ಕೊನೆಯ ಶಿಫ್ಟ್‌ನಲ್ಲಿ ಇಳಿದ ಯುವಕರೇ ಈಗ ಐವತ್ತು ದಾಟಿದ್ದಾರೆ. ನಮ್ಮ ತಾತನಂಥವರು ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಗೀವರ್ ಬೇಗ ತೆರೆದದ್ದರಿಂದ ಅಲ್ಲಿ ದುಡಿದವರೇ ಗೈಡ್ ಆದರು, ಸಂಬಳ ಪಡೆದರು. ನಮ್ಮಲ್ಲೂ ಅವರಿಗೇ ಆ ಕೆಲಸ, ಸರಿಯಾದ ಸಂಬಳದ ಜೊತೆ, ಮೊದಲು ಸಿಗಬೇಕು. ಬೆಂಗಳೂರಿನಿಂದ ಯಾರನ್ನೋ ಕರೆತಂದು ಪಾಠ ಒಪ್ಪಿಸುವುದು ಬೇಡ.

ಗಣಿಯ ಜಾಗ ಕೇಂದ್ರಕ್ಕೆ ಸೇರಿದ್ದು, ಊರು ರಾಜ್ಯದ್ದು. ಹಾಗಾಗಿ ಕೇಂದ್ರ ಗಣಿ ಸಚಿವಾಲಯ, ರಾಜ್ಯದ ಪ್ರವಾಸೋದ್ಯಮ ಇಲಾಖೆ, ಕೋಲಾರ ಜಿಲ್ಲಾಡಳಿತ ಮೂವರೂ ಒಂದು ಮೇಜಿನ ಸುತ್ತ ಕೂರಬೇಕು. ಆ ಮೇಜಿನಲ್ಲಿ ಗಣಿ ಕಾರ್ಮಿಕರ ಕುಟುಂಬದವರೂ ಇರಬೇಕು. ನಮ್ಮ ಶಾಸಕರು, ಸಂಸದರು ಇದನ್ನು ಸದನದಲ್ಲಿ ಕೇಳಲಿ ಅಂತ ನಿಮ್ಮ ಪತ್ರಿಕೆಯ ಮೂಲಕ ಕೈಮುಗಿದು ಕೇಳಿಕೊಳ್ಳುತ್ತೇನೆ.

ಓದು ಮುಗಿಸಿ ಸೆಪ್ಟೆಂಬರ್‌ನಲ್ಲಿ ಊರಿಗೆ ಬರುತ್ತೇನೆ. ಚಾಂಪಿಯನ್ ರೀಫ್ಸ್, ಊರಿಗಾಂ, ಮಾರಿಕುಪ್ಪಂ ಲೈನ್‌ಗಳ ಹಿರಿಯರ ಮಾತುಗಳನ್ನು ರೆಕಾರ್ಡ್ ಮಾಡಬೇಕು ಅಂತ ನಾನೂ ಗೆಳತಿಯೂ ತೀರ್ಮಾನಿಸಿದ್ದೇವೆ. ತಮಿಳು, ತೆಲುಗು, ಕನ್ನಡ, ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಅಲ್ಲಿಯವರೆಗೆ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಅಪ್ಪನದೋ ತಾತನದೋ ನಂಬರ್ ಬಿಲ್ಲೆ, ಹೆಲ್ಮೆಟ್, ಸಂಬಳದ ಚೀಟಿ, ಶಿಫ್ಟ್‌ನವರು ಸಾಲಾಗಿ ನಿಂತ ಫೋಟೊ ಏನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೊದ ಹಿಂದೆ ಅದರಲ್ಲಿರುವವರ ಹೆಸರು, ಯಾವ ಶಾಫ್ಟ್ ಅನ್ನೋದನ್ನು ಹಿರಿಯರನ್ನು ಕೇಳಿ ಈಗಲೇ ಬರೆದಿಡಿ.

ಇಂತಿ,
ಬೇತಮಂಗಲದ ಒಬ್ಬ ವಿದ್ಯಾರ್ಥಿನಿ
(ಸದ್ಯ ಪೆನ್ರಿನ್, ಕಾರ್ನ್‌ವಾಲ್)